ಚಳಿಗಾಲಕ್ಕೆ ಬಿಸಿ ಕೋಸಂಬರಿ

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅವ್ವ ಮಂಡ್ಯದ ಕಡೆಯ ನಮ್ಮೂರಿಂದ ಮೈಸೂರಿನ ಮನೆಗೆ ಬಂದಿದ್ದಳು. ರಾತ್ರಿ ಬರೀ ಸಲಾಡ್ ತಿನ್ನುವುದನ್ನು ನಾನಾಗ ರೂಢಿ ಮಾಡಿಕೊಂಡಿದ್ದೆ. ಸೌತೆಕಾಯಿ, ಟೊಮೆಟೊ, ನೆನೆಸಿದ ಹೆಸರುಬೇಳೆ, ಮೇಲೆ ನಿಂಬೆರಸ. ಅವ್ವ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. "ಇದು ರಾಮನವಮಿ ಬಿಸಿಲಲ್ಲಿ ಪಾನಕದ ಜೊತೆ ತಿನ್ನೋದು ಕಣವ್ವ. ಈ ಚಳೀಲಿ ಹೊಟ್ಟೆ ತಡೀತದಾ?" ತಡೆಯುತ್ತಿರಲಿಲ್ಲ. ಒಂಬತ್ತೂವರೆಗೆಲ್ಲ ಮತ್ತೆ ಹಸಿವಾಗಿ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದೆ.

ಮಾರನೆಯ ದಿನ ಅವ್ವ ಉಪ್ಸಾರು ಮಾಡಿದಳು. ಅವರೆಕಾಳು ಬೇಯಿಸಿ, ರಸ ಬಸಿದು, ಕಾಳನ್ನು ಪಕ್ಕಕ್ಕಿಟ್ಟಿದ್ದಳು. ಹಬೆಯಾಡುತ್ತಿದ್ದ ಆ ಕಾಳಿಗೆ ಸುಮ್ಮನೆ ನಿಂಬೆಹಣ್ಣು ಹಿಂಡಿ, ಉಪ್ಸಾರಿನ ಖಾರವನ್ನೇ ಒಂದಿಷ್ಟು ಕಲಸಿ ತಿಂದೆ. ಅಂದಿನಿಂದ ನಮ್ಮ ಮನೆಯ ಚಳಿಗಾಲದ ಸಲಾಡ್ ಅಂದರೆ ಇದೇ.

ಅವರೆಕಾಯಿ ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ದೇವರಾಜ ಮಾರುಕಟ್ಟೆಗೆ ಹೋದರೆ ನಾನು ಮೊದಲು ಕಾಯಿ ಉಜ್ಜಿ ಮೂಸುತ್ತೇನೆ. ಸೊಗಡು ಕೈಗೆ ಅಂಟಬೇಕು. ಇಬ್ಬನಿ ಚೆನ್ನಾಗಿ ಬಿದ್ದ ವಾರ ಆ ವಾಸನೆಯೇ ಬೇರೆ. ಒಂದು ಕೆಜಿ ಸುಲಿದರೆ ಅರ್ಧ ಕೆಜಿ ಕಾಳೂ ಸಿಗುವುದಿಲ್ಲ, ಇಬ್ಬರಿಗೆ ಅಷ್ಟು ಸಾಕು. ಹಸಿಕಾಳು ಕುಕ್ಕರಿಗೆ ಬೇಡ, ಹಿಟ್ಟಾಗುತ್ತದೆ. ತೆರೆದ ಪಾತ್ರೆಯಲ್ಲಿ ಉಪ್ಪು ಹಾಕಿ ಬೇಯಿಸಿ. ಎರಡು ಬೆರಳಲ್ಲಿ ಅದುಮಿದರೆ ಮೆತ್ತಗೆ ಒಡೆಯಬೇಕು, ಆದರೆ ಪಾತ್ರೆಯಲ್ಲಿ ಇಡಿಯಾಗಿಯೇ ಇರಬೇಕು. ಬೇಯುವಾಗ ಹುಣಸೆ, ಟೊಮೆಟೊ ಯಾವುದನ್ನೂ ಹಾಕಬೇಡಿ. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದೇ ಇಲ್ಲ. ಬಸಿದ ರಸವನ್ನು ದಯವಿಟ್ಟು ಚೆಲ್ಲಬೇಡಿ, ಮುದ್ದೆಗೆ ಅದೇ ಉಪ್ಸಾರು.

ಅವರೆ ಸಿಗದ ದಿನ ಮೊಳಕೆ ಹುರುಳಿ. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಬರುವ ಮೊಳಕೆ ಚಳಿಯಲ್ಲಿ ಎರಡು ರಾತ್ರಿ ಕಾಯಿಸುತ್ತದೆ. ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಡುತ್ತೇನೆ.

ಖಾರಕ್ಕೆ ಆರು ಬ್ಯಾಡಗಿ ಮೆಣಸಿನಕಾಯಿ ಹುರಿದು, ಎಂಟು ಎಸಳು ಬೆಳ್ಳುಳ್ಳಿ, ಅರ್ಧರ್ಧ ಚಮಚ ಕಾಳುಮೆಣಸು ಮತ್ತು ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬುತ್ತೇನೆ. ಇದರಲ್ಲಿ ಒಂದು ಚಮಚವನ್ನು ಎರಡು ಚಮಚ ಕಡ್ಲೆಕಾಯಿ ಎಣ್ಣೆಯಲ್ಲಿ ಕದಡಿ, ಅರ್ಧ ನಿಂಬೆಹಣ್ಣು ಹಿಂಡಿದರೆ ಆಯಿತು. ಕಾಳು ಬಿಸಿಯಿರುವಾಗಲೇ ಕಲಸಬೇಕು, ಆಗಲೇ ಒಳಗೆಲ್ಲ ಹೀರಿಕೊಳ್ಳುವುದು. ಆರಿದ ಮೇಲೆ ಕಲಸಿದರೆ ಖಾರ ಹೊರಗೇ ಉಳಿದು ನಾಲಿಗೆಗೆ ಹೊಡೆಯುತ್ತದೆ.

ಮೊದಮೊದಲು ತೆಂಗಿನೆಣ್ಣೆ ಬಳಸಿ ಕೆಡಿಸಿಕೊಂಡೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜನವರಿ ರಾತ್ರಿ ಮೈಸೂರಲ್ಲಿ 15-16 ಡಿಗ್ರಿಗೆ ಇಳಿಯುವುದುಂಟು. ತಣ್ಣಗಿನ ತರಕಾರಿಗೆ ತಾಗಿದ ಎಣ್ಣೆ ಮೇಣದಂತೆ ಬಾಯಿಯ ಅಂಗುಳಕ್ಕೆ ಮೆತ್ತಿಕೊಂಡಿತ್ತು.

ಹೊಟ್ಟೆ ತುಂಬಿಸುವುದು ಗೆಣಸು. ಬೇಯಿಸಿದರೆ ನೀರು ಕುಡಿದು ಸಪ್ಪೆಯಾಗುತ್ತದೆ, ಅದಕ್ಕೆ ದಪ್ಪ ಬಿಲ್ಲೆ ಮಾಡಿ ಕಾವಲಿಯ ಮೇಲೆ ಎರಡೂ ಕಡೆ ಕಂದು ಬರುವಂತೆ ಸುಡುತ್ತೇನೆ. ಆ ಸಿಹಿಗೂ ಬೆಳ್ಳುಳ್ಳಿ ಖಾರಕ್ಕೂ ಬಹಳ ಚೆನ್ನಾಗಿ ಹೊಂದುತ್ತದೆ. ಸಂಕ್ರಾಂತಿಗೆ ಅವರೆ, ಗೆಣಸು, ಕಡ್ಲೆಕಾಯಿ ಒಟ್ಟಿಗೆ ಬೇಯಿಸುವ ನಮ್ಮ ಕಡೆಯವರಿಗೆ ಈ ಜೋಡಿ ಹೊಸದೇನಲ್ಲ. ಹುರಿದ ಕಡ್ಲೆಬೀಜ ಒಂದು ಹಿಡಿ, ಹುರಿದು ಪುಡಿ ಮಾಡಿದ ಹುಚ್ಚೆಳ್ಳು ಒಂದು ಚಮಚ. ಹಸಿಯಾಗಿ ಹಾಕುವುದು ತುರಿದ ಎಳೆ ನವಿಲುಕೋಸು, ಈರುಳ್ಳಿ, ಎಳೆ ಮೆಂತ್ಯದ ಸೊಪ್ಪು ಇಷ್ಟೇ. ನವಿಲುಕೋಸಿಗೆ ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟು ಎಲ್ಲ ತೊಯ್ದುಹೋಗುತ್ತದೆ, ಕಾಳಿನ ಉಪ್ಪೇ ಸಾಕು. ಮೆಂತ್ಯ ಕಟ್ಟಕಡೆಗೆ. ಬಟ್ಟಲಿಗೆ ಬಿಸಿನೀರು ಸುರಿದು ಚೆಲ್ಲಿ, ಒರೆಸಿ ಬಡಿಸುತ್ತೇನೆ. ಇಲ್ಲದಿದ್ದರೆ ಸ್ಟೀಲು ಎರಡೇ ನಿಮಿಷಕ್ಕೆ ಕಾವನ್ನೆಲ್ಲ ಎಳೆದುಬಿಡುತ್ತದೆ.

ಉಳಿದರೆ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತೇನೆ. ಗೆಣಸನ್ನು ಕಿವುಚಿ ಸೇರಿಸಿದರೆ ಹಿಟ್ಟು ಬಿರಿಯುವುದಿಲ್ಲ. ಈಗ ಅವ್ವ ಬಂದಾಗ ಈ ರೊಟ್ಟಿಗೋಸ್ಕರ ರಾತ್ರಿಯೇ ಒಂದು ಬಟ್ಟಲು ಎತ್ತಿಡಿಸುತ್ತಾಳೆ.