ನೋವುಳ್ಳ ನಾಯಿಯನ್ನು ಇನ್ನೊಂದು ಮನೆಗೆ ಒಪ್ಪಿಸುವ ಮುನ್ನ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ತೋಟದ ಮನೆಗಳಲ್ಲಿ ಸಾಕಿದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ನಾಯಿಗಳಿಗೆ ಸೊಂಟದ ಕೀಲು ಸವೆದ ಹೊತ್ತಿನಲ್ಲೇ ಮನೆಯವರು ಊರು ಬಿಡಬೇಕಾಗಿ ಬಂದರೆ, ಅವನ್ನು ಬೇರೆಯವರಿಗೆ ಕೊಡುವ ಪ್ರಶ್ನೆ ಏಳುತ್ತದೆ. ಈ ನೋವನ್ನು ಔಷಧದಿಂದ ಹಿಡಿತದಲ್ಲಿಡಬಹುದೇ ಎಂದು ಮೊದಲು ಪಶುವೈದ್ಯರನ್ನು ಕೇಳಿ. ಸಾಧ್ಯವಿಲ್ಲವೆಂದಾದರೆ, ಅಪರಿಚಿತರ ಅಂಗಳದಲ್ಲಿ ನರಳಲು ಬಿಡುವುದಕ್ಕಿಂತ, ತನ್ನವರ ಕೈ ತಲೆಯ ಮೇಲಿರುವಾಗಲೇ ವೈದ್ಯರಿಂದ ದಯಾಮರಣ ಕೊಡಿಸುವುದು ಮೇಲೆಂದು ನಾನು ನಂಬುತ್ತೇನೆ. ಪೇಟೆಯಲ್ಲಿ ಬಿಟ್ಟು ಬರುವುದಂತೂ ಸಲ್ಲದು. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು, ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ.

ಕೊಂಡೊಯ್ಯುವವರಿಂದ ಏನನ್ನೂ ಮುಚ್ಚಿಡಬೇಡಿ. ಎಕ್ಸ್‌ರೇ, ಔಷಧಚೀಟಿ, ತಿಂಗಳ ಖರ್ಚಿನ ಲೆಕ್ಕ ಎಲ್ಲವನ್ನೂ ಮುಂದಿಡಿ. ಬೆಳಗ್ಗೆ ಏಳುವಾಗ ಅದರ ಹಿಂಗಾಲು ನಡುಗುವುದನ್ನು, ಮುರಕಲ್ಲಿನ ಮೆಟ್ಟಿಲ ಬುಡದಲ್ಲಿ ಹತ್ತಲಾರದೆ ನಿಂತು ಮೇಲೆ ನೋಡುವುದನ್ನು ಅವರು ಕಣ್ಣಾರೆ ಕಾಣಲಿ, ಏಕೆಂದರೆ ಬಹಳಷ್ಟು ನಾಯಿಗಳು ಕೂಗದೆಯೇ ನೋವು ನುಂಗುತ್ತವೆ. ಮನುಷ್ಯರ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮಾತ್ರೆಗಳು ನಾಯಿಯ ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲವೆಂದು ಬರೆದೇ ಕೊಡಿ. ಅಲ್ಲಿ ಹೊಂದದಿದ್ದರೆ ಮರಳಿ ಕರೆತರುವೆನೆಂದು ಮಾತು ಕೊಟ್ಟು, ಮೊದಲ ವಾರ ದಿನಕ್ಕೊಮ್ಮೆಯಾದರೂ ಫೋನ್ ಮಾಡಿ ವಿಚಾರಿಸಿ.