ಕಿರೀಟ ಕಳಚಿದ ಕೊಳವೆ ಹುಳು

ಯುಗಾದಿ ಕಳೆದು ಹತ್ತು ದಿನಗಳಾಗಿದ್ದವು. ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದು ಕೊಳವೆ ಹುಳುವಿದೆ; ತಾನೇ ಕಟ್ಟಿಕೊಂಡ ಕೊಳವೆಯೊಳಗೆ ವಾಸಿಸುವ ಸಮುದ್ರದ ಹುಳು ಅದು. ಬೆಳಿಗ್ಗೆ ದೀಪ ಹಾಕಿ ನೋಡಿದರೆ ಅದರ ತಲೆಯ ಮೇಲಿನ ಬೀಸಣಿಗೆಯಂಥ ಕಿರೀಟ ಮರಳಿನ ಮೇಲೆ ಬಿದ್ದಿತ್ತು. ಕಂದು-ಬಿಳಿ ಪಟ್ಟೆಗಳ ಬೀಸಣಿಗೆ ಇಡಿಯಾಗಿಯೇ ಇತ್ತು, ಕೊಳವೆಯ ಬಾಯಿ ಮಾತ್ರ ಮುಚ್ಚಿಕೊಂಡಿತ್ತು. "ಸತ್ತಿರಬೇಕು, ನೀರು ಕೆಡುವ ಮೊದಲು ತೆಗೆದುಬಿಡು" ಎಂದಳು ಅವ್ವ. ತೆಗೆಯಲೆಂದೇ ಕೈ ಹಾಕಿದೆ. ಕೊಳವೆಯನ್ನು ಮೆಲ್ಲಗೆ ಒತ್ತಿದಾಗ ಒಳಗೆ ಏನೋ ಸರಿದಂತಾಯಿತು. ಮೂಸಿ ನೋಡಿದೆ, ಕೊಳೆತ ವಾಸನೆ ಇರಲಿಲ್ಲ. ಅಲ್ಲಿಯೇ ಬಿಟ್ಟೆ. ಈ ಹುಳುಗಳು ಸಂಕಟ ಬಂದಾಗ ಕಿರೀಟವನ್ನು ಕಳಚಿ ಹಾಕುತ್ತವೆ, ಪರಿಸ್ಥಿತಿ ಸುಧಾರಿಸಿದರೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತವೆ. ಹಾಗಾದರೆ ನನ್ನ ತೊಟ್ಟಿಯಲ್ಲಿ ಅದಕ್ಕೆ ಬಂದ ಸಂಕಟವೇನು?

ನಾನಿರುವುದು ಧಾರವಾಡದಲ್ಲಿ. ತೊಟ್ಟಿ 150 ಲೀಟರಿನದು. ನಳಕ್ಕೆ ಮಲಪ್ರಭೆಯ ನೀರು ಬಂದ ದಿನ ಡ್ರಮ್ ತುಂಬಿಸಿಟ್ಟು, ಆರ್‌ಒ ಯಂತ್ರದಲ್ಲಿ ಶೋಧಿಸಿ, ಅಕ್ವೇರಿಯಂಗೆಂದೇ ತಯಾರಾಗುವ ಸಮುದ್ರದ ಉಪ್ಪು ಬೆರೆಸುತ್ತೇನೆ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಸುವ ಸಾಪೇಕ್ಷ ಸಾಂದ್ರತೆ 1.025ಕ್ಕೆ ನಿಲ್ಲಬೇಕು. ಹುಳುವನ್ನು ಬೆಂಗಳೂರಿನಿಂದ ತಂದ ದಿನ ತೊಟ್ಟಿಯ ನೀರನ್ನು ಸಣ್ಣ ಪೈಪಿನಿಂದ ಹನಿಹನಿಯಾಗಿ ಸೇರಿಸುತ್ತ ಎರಡು ತಾಸು ಹೊಂದಿಸಿದ್ದೆ. ಕೊಳವೆಯೊಳಗೆ ಗಾಳಿ ಸೇರದಂತೆ ನೀರಿನಡಿಯಲ್ಲಿಯೇ ಸಾಗಿಸಿದ್ದೆ. ಅಲ್ಲಿ ತಪ್ಪಿರಲಿಲ್ಲ.

ಮೊದಲ ತಪ್ಪು ಬಿಸಿ. ಸಮುದ್ರ ನಮ್ಮಿಂದ ದೂರ, ಬಿಸಿಲಂತೂ ಮನೆ ಬಾಗಿಲಲ್ಲಿಯೇ. ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿತ್ತು. ಅದಕ್ಕೆ ಹಿತವೆನಿಸುವುದು 24ರಿಂದ 26. ನೀರಿನ ಮೇಲ್ಮೈಗೆ ಗಾಳಿ ಬಡಿಯುವಂತೆ ಸಣ್ಣ ಫ್ಯಾನ್ ಕಟ್ಟಿದೆ, ಮೂರು ಡಿಗ್ರಿ ಇಳಿಯಿತು. ಆದರೆ ಫ್ಯಾನ್ ಹಾಕಿದರೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆದ್ದರಿಂದ ಪ್ರತಿ ಸಂಜೆ ಆರಿದಷ್ಟನ್ನೂ ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಬೇಕು. ವಿದ್ಯುತ್ ಹೋದಾಗ ಫ್ಯಾನೂ ಪಂಪೂ ನಿಲ್ಲದಿರಲೆಂದು ಎರಡನ್ನೂ ಇನ್ವರ್ಟರಿಗೆ ಸೇರಿಸಿದ್ದೇನೆ.

ಎರಡನೆಯದು ಹಸಿವು, ನನ್ನನ್ನು ಹೆಚ್ಚು ನೋಯಿಸಿದ್ದೂ ಅದೇ. ನೀರು ಸ್ಫಟಿಕದಂತಿರಬೇಕೆಂದು, ನೊರೆಯೆಬ್ಬಿಸಿ ನೀರಿನ ಕಲ್ಮಶ ತೆಗೆಯುವ ಸ್ಕಿಮ್ಮರ್ ಯಂತ್ರವನ್ನು ಹಗಲೂ ರಾತ್ರಿ ಓಡಿಸುತ್ತಿದ್ದೆ. ಬಂದವರೆಲ್ಲ ಮೆಚ್ಚುತ್ತಿದ್ದರು, ಹುಳು ಮಾತ್ರ ಉಪವಾಸವಿತ್ತು. ಅದರ ಬೀಸಣಿಗೆ ಅಲಂಕಾರಕ್ಕೆ ಇರುವುದಲ್ಲ. ಪ್ರತಿ ಎಳೆಯ ಮೇಲಿನ ಸೂಕ್ಷ್ಮ ರೋಮಗಳು ನೀರನ್ನು ಸೆಳೆದು ಕಣಗಳನ್ನು ಹಿಡಿಯುತ್ತವೆ. ಅತಿ ಸಣ್ಣವು ಬಾಯಿಗೆ ಹೋಗುತ್ತವೆ, ಮಧ್ಯಮ ಗಾತ್ರದವು ಲೋಳೆಯಲ್ಲಿ ಬೆರೆತು ಕೊಳವೆಯ ಗೋಡೆಯಾಗುತ್ತವೆ, ದೊಡ್ಡವನ್ನು ಅದು ಆಚೆ ತಳ್ಳುತ್ತದೆ. ಜೋಳವನ್ನು ಜರಡಿ ಹಿಡಿಯುವ ನಮ್ಮ ಮನೆಯ ಹೆಂಗಸರಿಗಿಂತ ಕಡಿಮೆಯಿಲ್ಲದ ನಾಜೂಕು! ಮೀನಿಗೆ ಹಾಕುವ ಗುಳಿಗೆಗಳಿಂದ ಅದರ ಹೊಟ್ಟೆ ತುಂಬುತ್ತದೆ ಎಂದುಕೊಂಡದ್ದು ನನ್ನ ಅಜ್ಞಾನ.

ಈಗ ವಾರಕ್ಕೆ ಮೂರು ಸಲ ಹಸಿರು ಸೂಕ್ಷ್ಮಪಾಚಿಯ ದ್ರವ ಕೊಡುತ್ತೇನೆ. ಸ್ಕಿಮ್ಮರನ್ನು ಒಂದು ತಾಸು ನಿಲ್ಲಿಸಿ, ಪಂಪನ್ನು ನಿಧಾನಗೊಳಿಸಿ, ಹುಳುವಿನ ಮೇಲ್ಮಗ್ಗುಲಿಂದ ಪಿಪೆಟ್‌ನಲ್ಲಿ ತೇಲಿಬಿಡಬೇಕು. ಕಿರೀಟದ ಮೇಲೆ ನೇರವಾಗಿ ಚಿಮ್ಮಿಸಿದರೆ ತಟ್ಟನೆ ಒಳಗೆಳೆದುಕೊಳ್ಳುತ್ತದೆ. ಆಹಾರ ಅತಿಯಾದರೆ ಅದು ಕೊಳೆತು ನೀರಿನಲ್ಲಿ ನೈಟ್ರೇಟ್ ಎಂಬ ತ್ಯಾಜ್ಯ ಏರುತ್ತದೆ, ಅದಕ್ಕಾಗಿ ವಾರಕ್ಕೊಮ್ಮೆ 15 ಲೀಟರ್ ನೀರು ಬದಲಿಸುತ್ತೇನೆ. ಮೀನಿಗೆ ಬಿಳಿಚುಕ್ಕೆ ರೋಗ ಬಂದರೂ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಹಾಕುವುದಿಲ್ಲ, ಅದು ಹುಳುವಿಗೆ ವಿಷ.

ಇಪ್ಪತ್ತಮೂರನೆಯ ದಿನ ಕೊಳವೆಯ ಬಾಯಲ್ಲಿ ಮಸುಕು ಬಿಳಿಯ ಸಣ್ಣ ಕುಚ್ಚು ಕಾಣಿಸಿತು. ಅವ್ವನನ್ನು ಕೂಗಿದೆ. ಅವಳು ಬಗ್ಗಿದಾಗ ನೆರಳು ಬಿದ್ದು ಅದು ಸರಕ್ಕನೆ ಒಳಗೆ ಹೋಯಿತು. ಮತ್ತೆ ಹೊರಬರುವವರೆಗೆ ಇಬ್ಬರೂ ಉಸಿರು ಹಿಡಿದು ಕುಳಿತಿದ್ದೆವು.