ಮೊದಲ ಸಲ ಸುಜುಕಿ ಕಪ್ಲಿಂಗ್ ಹಾಕುವವರಿಗೆ

ಹೊಸ ಔಷಧ ಹುಡುಕುವ ಪ್ರೊಫೆಸರ್ ಲ್ಯಾಬಿಗೆ ಸೇರಿದ್ದೀರಾ? ಹಾಗಾದರೆ ಸುಜುಕಿ ಕಪ್ಲಿಂಗ್ ಬೇಗ ನಿಮ್ಮ ಕೈಗೆ ಬರುತ್ತದೆ. ಪಲ್ಲಾಡಿಯಂ ಲೋಹವನ್ನು ವೇಗವರ್ಧಕವಾಗಿ ಬಳಸಿ ಎರಡು ಬೆಂಜೀನ್ ಉಂಗುರಗಳನ್ನು ನೇರವಾಗಿ ಜೋಡಿಸುವ ರಿಯಾಕ್ಷನ್ ಇದು. ಬಿಪಿ ಮಾತ್ರೆ ಲೋಸಾರ್ಟನ್‌ನಲ್ಲಿರುವ ಜೋಡಿ ಉಂಗುರವನ್ನೂ ಹೀಗೇ ಕೂಡಿಸಬಹುದು. ಈ ಬಗೆಯ ಕೆಲಸಕ್ಕೇ ಅಕಿರಾ ಸುಜುಕಿ, ಹೆಕ್, ನೆಗಿಶಿ ಮೂವರಿಗೂ 2010ರಲ್ಲಿ ನೊಬೆಲ್ ಬಂತು.

ಅರೈಲ್ ಬ್ರೋಮೈಡ್ (ಬ್ರೋಮಿನ್ ಅಂಟಿದ ಉಂಗುರ) 1 ಮಿಲಿಮೋಲ್, ಬೋರಾನಿಕ್ ಆಸಿಡ್ (ಬೋರಾನ್ ಅಂಟಿದ ಇನ್ನೊಂದು ಉಂಗುರ) 1.2 ಮಿಲಿಮೋಲ್, ಬೇಸ್ ಆಗಿ ಪೊಟ್ಯಾಸಿಯಂ ಕಾರ್ಬೊನೇಟ್ 2 ಮಿಲಿಮೋಲ್ ತಗೊಳ್ಳಿ. 4 ಎಂಎಲ್ ಡಯಾಕ್ಸೇನ್, 1 ಎಂಎಲ್ ನೀರು ಸಾಕು. ಎಲ್ಲ ಕೆಲಸ ಫ್ಯೂಮ್ ಹುಡ್ ಒಳಗೇ, ಗ್ಲೌಸ್ ಹಾಕಿಕೊಂಡು. ಈಗ ದ್ರಾವಣದೊಳಗೆ 15 ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ, ಆಕ್ಸಿಜನ್ ಉಳಿದರೆ ಪಲ್ಲಾಡಿಯಂ ಹಾಳಾಗುತ್ತದೆ, ಬೋರಾನಿಕ್ ಆಸಿಡ್ ತನಗೆ ತಾನೇ ಜೋಡಿಯಾಗಿ ಬೇಡದ ವಸ್ತು ಒಂದು ಹುಟ್ಟುತ್ತದೆ. ಆಮೇಲೆ ಪಲ್ಲಾಡಿಯಂ ಟೆಟ್ರಾಕಿಸ್ 58 ಮಿಲಿಗ್ರಾಂ ಹಾಕಿ, ಅಂದರೆ ಬ್ರೋಮೈಡ್ ಲೆಕ್ಕದಲ್ಲಿ 5 ಮೋಲ್ ಪರ್ಸೆಂಟ್. ಅದು ನಿಂಬೆ ಹಳದಿ ಇರಬೇಕು. ಕಂದು ತಿರುಗಿದ್ದರೆ ಹೊಸ ಬಾಟಲ್ ತೆಗೆಯಿರಿ. ಆಯಿಲ್ ಬಾತ್ 90 ಡಿಗ್ರಿ.

ಮುಗಿಯಿತೋ ಇಲ್ಲವೋ ಅಂತ ಹೇಳುವುದು ಟಿಎಲ್‌ಸಿ, ಗಡಿಯಾರ ಅಲ್ಲ. ಸಿಲಿಕಾ ಪ್ಲೇಟ್ ಮೇಲೆ ಚುಕ್ಕೆ (ಸ್ಪಾಟ್) ಇಟ್ಟು ವಸ್ತುಗಳನ್ನು ಬೇರೆ ಮಾಡಿ ನೋಡುವ ಪರೀಕ್ಷೆ ಅದು. ಫ್ಲಾಸ್ಕಿಂದ ನೇರ ಸ್ಪಾಟ್ ಇಟ್ಟರೆ ನೀರು, ಕಾರ್ಬೊನೇಟ್ ಸೇರಿ ಪ್ಲೇಟ್ ಉದ್ದಕ್ಕೂ ಬಾಲ ಎಳೆದುಬಿಡುತ್ತದೆ. ಅದಕ್ಕೇ ಎರಡು ಹನಿ ತೆಗೆದು ಚಿಕ್ಕ ವಯಲ್‌ನಲ್ಲಿ ಈಥೈಲ್ ಅಸಿಟೇಟ್, ನೀರು ಹಾಕಿ ಅಲ್ಲಾಡಿಸಿ, ಮೇಲಿನ ಪದರದಿಂದ ಸ್ಪಾಟ್ ಇಡಿ. ಪೆನ್ಸಿಲ್ ಗೆರೆ ಮೇಲೆ ಮೂರು ಚುಕ್ಕೆ: ಎಡಕ್ಕೆ ಬ್ರೋಮೈಡ್, ಬಲಕ್ಕೆ ರಿಯಾಕ್ಷನ್, ನಡುವೆ ಎರಡನ್ನೂ ಒಂದರ ಮೇಲೊಂದು. ನಡುವಿನದೇ ಮುಖ್ಯ, ಯಾಕೆಂದರೆ ಬ್ರೋಮೈಡೂ ಪ್ರಾಡಕ್ಟೂ ಎಷ್ಟೋ ಸಲ ಪಕ್ಕಪಕ್ಕದಲ್ಲೇ ಓಡುತ್ತವೆ. ನಾನು ಒಮ್ಮೆ ನಡುವಿನ ಚುಕ್ಕೆ ಬಿಟ್ಟು, ರಿಯಾಕ್ಷನ್ ಆಗಿಲ್ಲ ಅಂತ ರಾತ್ರಿಯಿಡೀ ಕಾಯಿಸಿದ್ದೆ, ಆದರೆ ಅದು ಸಂಜೆಯೇ ಮುಗಿದಿತ್ತು. 254 ನ್ಯಾನೋಮೀಟರ್ ಯುವಿ ದೀಪದಡಿ ನಡುವಿನ ಚುಕ್ಕೆ ಸ್ವಲ್ಪ ಉದ್ದವಾಗಿ, ಎರಡು ತಲೆ ಇದ್ದಂತೆ ಕಂಡರೆ ಅಲ್ಲಿರುವುದು ಎರಡು ವಸ್ತು.

ಮುಗಿದ ಮೇಲೆ ಸೋಸುವ ಪುಡಿ ಸೆಲೈಟ್‌ನಲ್ಲಿ ಸೋಸಿ, ಈಥೈಲ್ ಅಸಿಟೇಟ್‌ಗೆ ಎಳೆದು, ಸಿಲಿಕಾ ಕಾಲಂ ಹಾಕಿ ಶುದ್ಧ ಮಾಡಿ. ಸಿಕ್ಕ ಪ್ರಾಡಕ್ಟ್ ಪುಡಿ ಇನ್ನೂ ಬೂದುಬಣ್ಣ ಇದ್ದರೆ ಪಲ್ಲಾಡಿಯಂ ಉಳಿದಿರಬಹುದು. ಲೋಹವನ್ನು ಹಿಡಿದುಕೊಳ್ಳುವ ಥಯಾಲ್ ಸಿಲಿಕಾ ಜೊತೆ ಕಲಕಿ ಮತ್ತೆ ಸೋಸಿ. ನುಂಗುವ ಔಷಧದಲ್ಲಿ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ದೂರದ ಮಾತು ಅನ್ನಿಸಬಹುದು, ಆದರೆ ಇವತ್ತೇ ಜೀವಕೋಶಗಳ ಮೇಲೆ ಪರೀಕ್ಷೆಗೆ ಕಳಿಸಿದರೂ ಉಳಿದ ಲೋಹವೇ ಕೆಲಸ ಮಾಡಿ ನಿಮ್ಮ ಅಣು ಮಾಡಿದಂತೆ ತೋರಿಸಬಹುದು.